ಗುದ್ದಲಿಗೆ ಕಾವು ಕೂರಿಸಿದವರು: ಜೆ.ಸಿ.ಬಿ. ಎಂಬ ಮನುಷ್ಯನ ಕಥೆ

ಕಳೆದ ರಜೆಯಲ್ಲಿ ನಮ್ಮ ಸಂಘದ ಐದು ಜನ ಹೊಳಲ್ಕೆರೆ ತಾಲ್ಲೂಕಿನ ತಾಳ್ಯಕ್ಕೆ ಹೋಗಿದ್ವಿ. ನಮ್ಮ ಜೊತೆ ಓದುವ ಗೆಳೆಯನೊಬ್ಬನ ಊರು ಅದು. ಅವರ ಅಡಿಕೆ ತೋಟದಲ್ಲಿ ಬೋರ್‌ವೆಲ್‌ನಿಂದ ಹೊಸ ಪೈಪ್‌ಲೈನ್ ಎಳೆಯುವ ಕೆಲಸ ಇತ್ತು. ನಾವಿನ್ನೂ ತಿಂಡಿ ತಿನ್ನುತ್ತಿದ್ದಾಗ ಪಕ್ಕದ ಮನೆಯ ಹುಡುಗ ಓಡಿ ಬಂದು ಜೆಸಿಬಿ ಬಂತು ಅಂತ ಸುದ್ದಿ ಕೊಟ್ಟ. ಹೋಗಿ ನೋಡಿದ್ರೆ ಬಂದಿದ್ದು ಜೆಸಿಬಿ ಅಲ್ಲವೇ ಅಲ್ಲ! ಬೇರೆ ಕಂಪನಿಯ ಒಂದು ಪುಟ್ಟ ಸ್ಕಿಡ್ ಸ್ಟಿಯರ್ ಲೋಡರ್. ಅದರ ಹಿಂದೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಮಡಚಿಟ್ಟ ತೋಳಿನ ಹಾಗೆ ಒಂದು ಬ್ಯಾಕ್‌ಹೋ ಬರ್ತಿತ್ತು. ಎರಡನ್ನೂ ತೋಟದ ಬಾಯಲ್ಲಿ ಜೋಡಿಸಬೇಕಿತ್ತು.

ದೊಡ್ಡ ಮೆಷಿನ್ ಯಾಕೆ ತರಲಿಲ್ಲ ಅಂತ ಕೇಳಿದ್ವಿ. ಉತ್ತರ ತೋಟದಲ್ಲೇ ಇತ್ತು. ಅಡಿಕೆ ಸಾಲಿನಿಂದ ಸಾಲಿಗೆ ಒಂಬತ್ತು ಅಡಿ, ಅಂದ್ರೆ ಸುಮಾರು 2.7 ಮೀಟರ್. ರಸ್ತೆ ಬದಿ ನಾವು ದಿನಾ ನೋಡುವ ಹಳದಿ ಯಂತ್ರ 2 ಮೀಟರಿಗಿಂತ ಅಗಲ. ಒಳಗೆ ನುಗ್ಗಬಹುದು, ಆದರೆ ತೋಳು ತಿರುಗಿಸಲು ಜಾಗ ಇರಲ್ಲ. ಇಪ್ಪತ್ತು ವರ್ಷ ಸಾಕಿದ ಮರಕ್ಕೆ ಬಕೆಟ್ ತಾಗಿದರೆ ಆ ನಷ್ಟ ತುಂಬಿಕೊಡೋರು ಯಾರು? ಅದಕ್ಕೇ ಈ ಪುಟ್ಟ ಯಂತ್ರ, ಅದಕ್ಕೊಂದು ಬಾಡಿಗೆ ತೋಳು.

ಆ ದಿನ ಕಂಡದ್ದನ್ನು ಕೊನೆಗೆ ಹೇಳ್ತೀವಿ. ಅದಕ್ಕೂ ಮೊದಲು ಆ ಹುಡುಗ ಕೂಗಿದ ಹೆಸರಿನ ವಿಚಾರ. ನಮ್ಮ ಕಡೆ ಮಣ್ಣು ತೋಡೋದೆಲ್ಲ ಜೆಸಿಬಿ, ಚೈನ್ ಮೇಲೆ ಓಡೋದೆಲ್ಲ ಹಿಟಾಚಿ, ನಿಂತಲ್ಲೇ ಗಿರ್ರನೆ ತಿರುಗೋದೆಲ್ಲ ಬಾಬ್‌ಕ್ಯಾಟ್. ಈ ಮೂರರಲ್ಲಿ ಜೆಸಿಬಿ ಅನ್ನೋದು ಒಬ್ಬ ಮನುಷ್ಯನ ಇನಿಷಿಯಲ್ಲು. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್. ಮೆಕ್ಯಾನಿಕಲ್‌ನಲ್ಲಿ ಮೂರು ವರ್ಷ ಕಳೆದ ನಮ್ಮಲ್ಲೇ ಇಬ್ಬರಿಗೆ ಇದು ಗೊತ್ತಿರಲಿಲ್ಲ. ಹಾಗಾಗಿ ಈ ಸಲದ ಬರಹ ಅವರ ಬಗ್ಗೆ.

ಬ್ಯಾಮ್‌ಫೋರ್ಡ್ ಹುಟ್ಟಿದ್ದು 1916ರ ಜೂನ್ 21ರಂದು, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಸೀಮೆಯ ಅಟಾಕ್ಸಿಟರ್ ಎಂಬ ಪೇಟೆಯಲ್ಲಿ. ದನ, ಹಾಲು, ಹುಲ್ಲುಗಾವಲಿನ ಊರು. ಮನೆತನಕ್ಕೆ ಆಗಲೇ ದೊಡ್ಡ ಹೆಸರು. ಹುಲ್ಲು ಕೂಡಿಸುವ, ಪೆಂಡಿ ಕಟ್ಟುವ, ಗೆಡ್ಡೆ ಕತ್ತರಿಸುವ ಕೃಷಿ ಯಂತ್ರಗಳನ್ನು ಬ್ಯಾಮ್‌ಫೋರ್ಡ್ ಮನೆತನದ ಕಂಪನಿ 19ನೇ ಶತಮಾನದಿಂದಲೇ ಮಾಡಿ ದೇಶವಿದೇಶಕ್ಕೆ ಕಳಿಸ್ತಿತ್ತು. ಅಂಥ ಮನೆಯ ಹುಡುಗ ಕಷ್ಟಪಡಬೇಕಾದ ಅಗತ್ಯವೇ ಇರಲಿಲ್ಲ ಅಂತ ಯಾರಿಗಾದರೂ ಅನ್ನಿಸುತ್ತೆ. ಆದರೆ ಅವರ ದಾರಿ ಬೇರೆಯಾಯ್ತು.

ಸ್ಟೋನಿಹರ್ಸ್ಟ್ ಎಂಬ ಶಾಲೆಯಲ್ಲಿ ಓದು ಮುಗಿಸಿ ಅವರು ಕೆಲಸಕ್ಕೆ ಸೇರಿದ್ದು ಕವೆಂಟ್ರಿಯ ಆಲ್ಫ್ರೆಡ್ ಹರ್ಬರ್ಟ್ ಕಂಪನಿಗೆ. ಲೇತ್, ಮಿಲ್ಲಿಂಗ್ ಮೆಷಿನ್ ಥರದ ಮೆಷಿನ್ ಟೂಲ್‌ಗಳಿಗೆ ಆ ಕಾಲದ ಬ್ರಿಟನ್ನಿನಲ್ಲಿ ಅದಕ್ಕಿಂತ ದೊಡ್ಡ ಹೆಸರಿರಲಿಲ್ಲ. ಆ ಕಂಪನಿಯ ಪ್ರತಿನಿಧಿಯಾಗಿ ಇಂದಿನ ಘಾನಾದಲ್ಲೂ ದುಡಿದರು. 1938ರಲ್ಲಿ ಊರಿಗೆ ಬಂದು ಮನೆತನದ ಕಂಪನಿ ಸೇರಿದರು. 1941ರಲ್ಲಿ ಯುದ್ಧದ ಕರೆ ಬಂತು. ರಾಯಲ್ ಏರ್ ಫೋರ್ಸ್‌ನಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನು ಸರಂಜಾಮು ಪೂರೈಸುವ ವಿಭಾಗ. ಮತ್ತೆ ಆಫ್ರಿಕಾಕ್ಕೆ ಹೋಗಿ, ಮಧ್ಯಪ್ರಾಚ್ಯದ ಕಡೆ ಸಾಗುವ ವಿಮಾನಗಳ ತಂಗುದಾಣವೊಂದನ್ನು ನೋಡಿಕೊಂಡರು.

1944ರಲ್ಲಿ ವಾಪಸ್ ಬಂದು ಸ್ವಲ್ಪ ದಿನ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದರು. ಅಲ್ಲಿ ವೆಲ್ಡಿಂಗ್ ನಂಟು ಬೆಳೀತು. ಆಮೇಲೆ ಮತ್ತೆ ಮನೆ ಕಂಪನಿಗೆ ಹೋದರು. ಅಲ್ಲಿ ಚಿಕ್ಕಪ್ಪನಿಗೂ ಇವರಿಗೂ ಸರಿಹೋಗಲಿಲ್ಲ. ಈ ಹುಡುಗನಿಂದ ಹೆಚ್ಚೇನೂ ಆಗಲ್ಲ ಅಂತ ಚಿಕ್ಕಪ್ಪ ತೀರ್ಮಾನಿಸಿ ಹೊರಗೆ ಕಳಿಸಿಬಿಟ್ಟರು. ಕೆಲವು ದಿನ ತಲೆಗೆ ಹಚ್ಚುವ ಕ್ರೀಮ್ ಮಾರಿದರು. ಆಗ ಅವರ ವಯಸ್ಸು ಇಪ್ಪತ್ತೊಂಬತ್ತು. ಪ್ಲೇಸ್‌ಮೆಂಟ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ ಅಂತ ಹಾಸ್ಟೆಲ್ ಕೋಣೆ ಬಾಗಿಲು ಹಾಕಿಕೊಂಡು ಕೂತ ಗೆಳೆಯರು ಈ ಸಾಲನ್ನು ಇನ್ನೊಮ್ಮೆ ಓದಬೇಕು.

1945ರ ಅಕ್ಟೋಬರ್ 23. ಅಟಾಕ್ಸಿಟರ್‌ನಲ್ಲಿ ಹನ್ನೆರಡು ಅಡಿಗೆ ಹದಿನೈದು ಅಡಿಯ ಒಂದು ಗ್ಯಾರೇಜನ್ನು ಬ್ಯಾಮ್‌ಫೋರ್ಡ್ ಬಾಡಿಗೆಗೆ ಹಿಡಿದು ಸ್ವಂತ ಕೆಲಸ ಶುರು ಮಾಡಿದರು. ನಮ್ಮ ಹಾಸ್ಟೆಲ್ ರೂಮಿಗಿಂತ ಒಂದು ಕೈ ದೊಡ್ಡದು, ಅಷ್ಟೇ. ಅದೇ ದಿನ ಅವರಿಗೆ ಮೊದಲ ಮಗ ಹುಟ್ಟಿದ. ಕೈಯಲ್ಲಿದ್ದ ಬಂಡವಾಳ ಅಂದ್ರೆ ಒಂದು ಪೌಂಡ್ ಕೊಟ್ಟು ತಂದ ಹಳೇ ವೆಲ್ಡಿಂಗ್ ಸೆಟ್, ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಗ್ತಿದ್ದ ಗುಜರಿ ಕಬ್ಬಿಣ, ಹಳೇ ಆಕ್ಸಲ್‌ಗಳು. ಅವುಗಳಿಂದ ರೈತರಿಗೆ ಬೇಕಾದ, ಹಿಂದಕ್ಕೆ ವಾಲಿ ಮಣ್ಣು ಸುರಿಯುವ ಒಂದು ಟ್ರೇಲರ್ ಕಟ್ಟಿದರು.

ಅದಕ್ಕೆ ಅವರು ಇಟ್ಟ ಬೆಲೆ 90 ಪೌಂಡ್. ಸಂತೆಗೆ ಒಯ್ದರೆ ಅಷ್ಟಕ್ಕೆ ಯಾರೂ ಕೊಳ್ಳಲಿಲ್ಲ. ಕೊನೆಗೆ ಒಬ್ಬ ರೈತ 45 ಪೌಂಡ್ ಕೊಟ್ಟು, ಉಳಿದಿದ್ದಕ್ಕೆ ತನ್ನ ಹಳೇ ಗಾಡಿ ಬಿಟ್ಟುಹೋದ. ಬ್ಯಾಮ್‌ಫೋರ್ಡ್ ಆ ಗಾಡಿಯನ್ನು ರಿಪೇರಿ ಮಾಡಿ ಇನ್ನೊಬ್ಬರಿಗೆ 45 ಪೌಂಡಿಗೆ ಮಾರಿದರು. ಲೆಕ್ಕ ಸರಿಹೋಯ್ತು. ಅವರ ಮುಂದಿನ ಬದುಕೆಲ್ಲ ಹೆಚ್ಚುಕಡಿಮೆ ಈ ಥರದ್ದೇ. ಆಗಲೇ ಇರುವ ಎರಡು ವಸ್ತುಗಳನ್ನು ತಂದು, ಅವು ಸೇರುವ ಜಾಗದಲ್ಲಿ ತಲೆ ಓಡಿಸೋದು.

ಆಗಿನ ಟ್ರ್ಯಾಕ್ಟರುಗಳ ಬಗ್ಗೆ ಒಂದು ಮಾತು. ಐರ್ಲೆಂಡಿನ ಹ್ಯಾರಿ ಫರ್ಗುಸನ್ ಅದಾಗಲೇ ನೇಗಿಲನ್ನು ಟ್ರ್ಯಾಕ್ಟರಿಗೆ ಮೂರು ಬಿಂದುಗಳಲ್ಲಿ ಹೈಡ್ರಾಲಿಕ್ ಮೂಲಕ ಜೋಡಿಸುವ ವಿಧಾನ ಕಂಡುಹಿಡಿದಿದ್ದರು. ಅದಕ್ಕೂ ಮೊದಲು ನೇಗಿಲನ್ನು ಸರಪಳಿಯಲ್ಲಿ ಎಳೀತಿದ್ರು. ನೇಗಿಲು ಕಲ್ಲಿಗೆ ಸಿಕ್ಕರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಹಿಂದಕ್ಕೆ ಮಗುಚಿ ಚಾಲಕನನ್ನೇ ಕೊಲ್ತಿತ್ತು. ಜೋಡಿಸುವ ರೀತಿ ಬದಲಾದ ಮೇಲೆ ಆ ಸಾವುಗಳು ಕಡಿಮೆಯಾದವು. ಎಂಜಿನ್ ಅದೇ, ನೇಗಿಲೂ ಅದೇ. ಬ್ಯಾಮ್‌ಫೋರ್ಡ್ ಕೆಲಸ ಶುರು ಮಾಡಿದ್ದು ಇಂಥ ಕಾಲದಲ್ಲಿ.

1948ರಲ್ಲಿ ಅವರ ಬಳಿ ಆರು ಜನ ಕೆಲಸಗಾರರು. ಆ ವರ್ಷ ಯುರೋಪಿನ ಮೊದಲ ಹೈಡ್ರಾಲಿಕ್ ಟಿಪ್ಪಿಂಗ್ ಟ್ರೇಲರ್ ಅವರಲ್ಲಿ ತಯಾರಾಯ್ತು. ಮರುವರ್ಷ ಫೋರ್ಡ್‌ಸನ್ ಮೇಜರ್ ಟ್ರ್ಯಾಕ್ಟರಿನ ಮುಂದೆ ಕೂರಿಸುವ ಲೋಡರ್ ಮಾಡಿದರು. ಗೊಬ್ಬರ, ಮಣ್ಣು, ಜಲ್ಲಿಯನ್ನು ಎತ್ತಿ ಸುರಿಯುವ ಯಂತ್ರ ಅದು. 1950ರಲ್ಲಿ ಪಕ್ಕದ ರೋಸ್ಟರ್ ಎಂಬ ಹಳ್ಳಿಯಲ್ಲಿ ಪಾಳುಬಿದ್ದ ಚೀಸ್ ಕಾರ್ಖಾನೆಗೆ ವಾಸ ಬದಲಾಯ್ತು. ಮುಂದಿನ ವರ್ಷದಿಂದ ಯಂತ್ರಗಳಿಗೆಲ್ಲ ಹಳದಿ ಬಣ್ಣ. ಇವತ್ತು ಹೊಳಲ್ಕೆರೆ ರಸ್ತೆಯಲ್ಲಿ ಕಾಣುವ ಹಳದಿಯ ಮೂಲ ಅಲ್ಲಿದೆ.

ಇನ್ನು ಬ್ಯಾಕ್‌ಹೋ ವಿಚಾರ. ನಮ್ಮ ಹಳ್ಳಿಯ ಎರಡು ಸಾಧನಗಳನ್ನು ನೆನೆಸಿಕೊಂಡ್ರೆ ಇದು ಸುಲಭ. ಸಲಿಕೆಯನ್ನು ನಾವು ಮುಂದಕ್ಕೆ ತಳ್ತೀವಿ, ಮಣ್ಣು ತುಂಬಿ ಎತ್ತೆಸೀತೀವಿ. ಗುದ್ದಲಿಯನ್ನು ಬೀಸಿ ನೆಲಕ್ಕೆ ಹಾಕಿ ನಮ್ಮ ಕಡೆಗೇ ಎಳ್ಕೊಳ್ತೀವಿ. ಟ್ರ್ಯಾಕ್ಟರಿನ ಮುಂದಿನ ಲೋಡರ್ ಸಲಿಕೆ ಇದ್ದ ಹಾಗೆ, ಬ್ಯಾಕ್‌ಹೋ ಗುದ್ದಲಿ ಇದ್ದ ಹಾಗೆ. ಅದು ಯಂತ್ರದ ಹಿಂದೆ ಇರೋದ್ರಿಂದ ಬ್ಯಾಕ್ ಅಂತಾರೆ ಎಂದು ನಾವೂ ಅಂದುಕೊಂಡಿದ್ವಿ. ನಿಜಕ್ಕೂ ಮಣ್ಣನ್ನು ಹಿಂದಕ್ಕೆ, ಅಂದ್ರೆ ತನ್ನ ಕಡೆಗೆ, ಎಳೆಯೋದ್ರಿಂದ ಆ ಹೆಸರು. ತಾಳ್ಯದಲ್ಲಿ ಅದನ್ನು ಯಂತ್ರದ ಮುಂದೆ ಕೂರಿಸಿದಾಗಲೂ ಅದು ಬ್ಯಾಕ್‌ಹೋನೇ.

ಟ್ರ್ಯಾಕ್ಟರಿಗೆ ಬ್ಯಾಕ್‌ಹೋ ಹಾಕಿದವರಲ್ಲಿ ಬ್ಯಾಮ್‌ಫೋರ್ಡ್ ಮೊದಲಿಗರಲ್ಲ. ಅಮೆರಿಕದಲ್ಲಿ ವೇಯ್ನ್-ರಾಯ್ ಎಂಬ ಸಂಸ್ಥೆ 1940ರ ದಶಕದ ಕೊನೆಯಲ್ಲೇ ಹೈಡ್ರಾಲಿಕ್ ಬ್ಯಾಕ್‌ಹೋ ಮಾಡಿ ಮಾರಿತ್ತು. ಬ್ಯಾಮ್‌ಫೋರ್ಡ್ ನಾರ್ವೆಗೆ ಹೋಗಿದ್ದಾಗ ಟ್ರ್ಯಾಕ್ಟರಿನ ಹಿಂದೆ ಹಗುರವಾದ ಬ್ಯಾಕ್‌ಹೋ ಒಂದು ಕೆಲಸ ಮಾಡೋದನ್ನು ಕಂಡರು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದು 1953ರಲ್ಲಿ ತಮ್ಮದೇ ಯಂತ್ರ ತಯಾರಿಸಿದರು. ಒಂದೇ ಟ್ರ್ಯಾಕ್ಟರು, ಮುಂದೆ ಸಲಿಕೆ, ಹಿಂದೆ ಗುದ್ದಲಿ. ಜೆ.ಸಿ.ಬಿ. ಎಂಬ ಮೂರಕ್ಷರದ ಗುರುತು ಮೊದಲು ಕಾಣಿಸಿದ್ದೂ ಆ ವರ್ಷವೇ.

ಕೇಳೋಕೆ ಸಲೀಸು. ಆದರೆ ನಮ್ಮ ಮೆಕ್ಯಾನಿಕ್ಸ್ ಪಾಠ ನೆನಪಿಸಿಕೊಂಡು ಯೋಚಿಸಿ. ಟ್ರ್ಯಾಕ್ಟರ್ ಇರೋದು ಎಳೆಯೋಕೆ. ಅದರ ಹಿಂಭಾಗಕ್ಕೆ ಉದ್ದನೆಯ ತೋಳು ಕಟ್ಟಿ ನೆಲ ಒತ್ತಿದರೆ ನೆಲವೂ ತಿರುಗಿ ಒತ್ತುತ್ತೆ. ಆ ಬಲವೆಲ್ಲ ತೋಳಿನ ಉದ್ದಕ್ಕೂ ಹರಿದು ಬಂದು ಜೋಡಣೆಯ ಮೇಲೆ ಕೂರುತ್ತೆ. ಅಲ್ಲಿ ಹಾಕಿದ ಬೋಲ್ಟು, ಬ್ರಾಕೆಟ್ಟು ಸೋತರೆ ಚಾಸಿಯೇ ಸೀಳುತ್ತೆ. ಹಾಗಾಗಿ ನೆಲಕ್ಕೆ ಕಾಲೂರುವ ಎರಡು ಸ್ಟೆಬಿಲೈಸರ್ ಬೇಕು, ಬಲ ಹಂಚಿಕೊಳ್ಳುವ ಫ್ರೇಮು ಬೇಕು, ಎದುರು ಭಾರವಾಗಿ ಮುಂದಿನ ಲೋಡರ್ ಬೇಕು. ಬ್ಯಾಮ್‌ಫೋರ್ಡ್ ಮತ್ತು ಅವರ ಜನ ಹತ್ತು ವರ್ಷ ತಿದ್ದಿದ್ದು ಇದನ್ನೇ. ಟ್ರ್ಯಾಕ್ಟರಿಗೆ ಆಮೇಲೆ ಅಂಟಿಸಿದ ತೋಳು ಎಂಬ ಸ್ಥಿತಿಯಿಂದ ಹೊರಟು, ಒಂದೇ ಮೈಯ ಯಂತ್ರದ ತನಕ ಬಂದರು. 1963ರಲ್ಲಿ ಬಂದ ಜೆಸಿಬಿ 3ಸಿ ಆ ದಾರಿಯ ಮುಖ್ಯ ನಿಲ್ದಾಣ. ನಮ್ಮ ರಸ್ತೆಯ 3ಡಿಎಕ್ಸ್ ಅದರ ಮೊಮ್ಮಗ ಅನ್ನಬಹುದು.

ಮನುಷ್ಯ ಹೇಗಿದ್ದರು? ಒಂದು ಯಂತ್ರ ಚೆನ್ನಾಗಿ ಓಡಿತು ಅಂದ ಕೂಡಲೇ ಅದರ ತಪ್ಪು ಹುಡುಕಲು ಕೂರ್ತಿದ್ದರು. ತೃಪ್ತಿ ಇರಬಾರದು ಅನ್ನೋದನ್ನೇ ಧ್ಯೇಯವಾಕ್ಯ ಮಾಡಿಕೊಂಡಿದ್ದರು. ಕಂಪನಿಯ ಷೇರುಗಳನ್ನು ಮಾರುಕಟ್ಟೆಗೆ ಬಿಡಲಿಲ್ಲ. ಬಂದ ಲಾಭವನ್ನು ಮತ್ತೆ ಕಾರ್ಖಾನೆಗೇ ಹಾಕ್ತಿದ್ದರು. ಯಂತ್ರ ಕೊಳ್ಳುವವನು ಮಾಲೀಕನಾದರೂ ಅದರೊಳಗೆ ಇಡೀ ದಿನ ಕೂರುವವನು ಚಾಲಕ ಅನ್ನೋದನ್ನು ಅವರು ಮರೆಯಲಿಲ್ಲ. ಇಂಗ್ಲೆಂಡಿನ ಚಳಿಯಲ್ಲಿ ಚಾಲಕ ಚಹಾ ಕಾಯಿಸಿಕೊಳ್ಳಲಿ ಅಂತ ಕ್ಯಾಬಿನ್ ಒಳಗೆ ಕೆಟಲ್‌ಗೆ ಪ್ಲಗ್ ಕೊಟ್ಟರು. ಇದನ್ನು ವ್ಯಾಪಾರದ ಜಾಣತನ ಅಂದರೂ ತಪ್ಪಿಲ್ಲ. ಚಾಲಕ ಒಲಿದರೆ ಮಾಲೀಕ ಇನ್ನೊಂದು ಕೊಳ್ತಾನೆ. 1964ರಲ್ಲಿ ಕೆಲಸಗಾರರಿಗೆ ಒಟ್ಟು ಎರಡೂವರೆ ಲಕ್ಷ ಪೌಂಡ್ ಬೋನಸ್ ಹಂಚಿದರು. ರೋಸ್ಟರ್ ಕಾರ್ಖಾನೆಯ ಸುತ್ತ ಕೆರೆಗಳನ್ನು ತೋಡಿಸಿ ಗಿಡ ಮರ ಬೆಳೆಸಿದರು. ಕೆರೆ ತೋಡಿಸುವುದನ್ನು ಪುಣ್ಯದ ಕೆಲಸ ಅನ್ನುವ ನಮ್ಮ ಸೀಮೆಯವರಿಗೆ ಈ ವಿಷಯ ಯಾಕೋ ಹಿಡಿಸುತ್ತೆ.

1969ರಲ್ಲಿ ಬ್ರಿಟನ್ ಸರ್ಕಾರ ಅವರಿಗೆ ಸಿಬಿಇ ಗೌರವ ಕೊಟ್ಟಿತು. 1975ರ ಕೊನೆಗೆ ಅವರು ಕಂಪನಿಯನ್ನು ಮಗ ಆಂಟನಿ ಕೈಗೆ ಒಪ್ಪಿಸಿದರು. ಗ್ಯಾರೇಜಿನ ಬಾಗಿಲು ತೆರೆದ ದಿನವೇ ಹುಟ್ಟಿದ್ದ ಅದೇ ಮಗ. ತಾವು ಸ್ವಿಟ್ಜರ್ಲೆಂಡಿಗೆ ಹೋಗಿ ನೆಲೆಸಿದರು. 2001ರ ಮಾರ್ಚ್ 1ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಅವರ ಅಕ್ಷರಗಳು ನಮ್ಮ ದೇಶಕ್ಕೆ ಬಂದು ಇಪ್ಪತ್ತು ವರ್ಷ ದಾಟಿತ್ತು. 1979ರಲ್ಲಿ ಎಸ್ಕಾರ್ಟ್ಸ್ ಜೊತೆ ಸೇರಿ ಹರಿಯಾಣದ ಬಲ್ಲಭಗಢದಲ್ಲಿ ತಯಾರಿಕೆ ಶುರುವಾಗಿತ್ತು. ಆಮೇಲೆ ಪುಣೆ, ಜೈಪುರದಲ್ಲೂ ಕಾರ್ಖಾನೆಗಳು ಬಂದವು. ಇವತ್ತು ಊರಲ್ಲಿ ಗುದ್ದಲಿ ಪೂಜೆ ಅಂದ್ರೆ ಗಣ್ಯರು ಗುದ್ದಲಿ ಹಿಡಿದು ಫೋಟೋ ತೆಗೆಸಿಕೊಳ್ಳೋದು. ಹಿಂದೆ ನಿಂತು ಕಾಯೋ ಹಳದಿ ಯಂತ್ರವೇ ನಿಜವಾದ ಗುದ್ದಲಿ.

ಇಲ್ಲಿ ಒಂದು ಮಾತು ಮುಚ್ಚಿಡೋದು ನ್ಯಾಯ ಅಲ್ಲ. ಚಿತ್ರದುರ್ಗ ಸೀಮೆಯ ಕೆರೆ, ಬಾವಿ, ಕಾಲುವೆಗಳನ್ನು ತೋಡಿದ್ದು ಮನುಷ್ಯರ ಕೈಗಳು. ಭೋವಿ ಜನರ ಬೆವರು ಅದರಲ್ಲಿ ಬಹಳ ಇದೆ. ಹಿರಿಯೂರಿನ ಹತ್ತಿರ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಕಟ್ಟುವಾಗ ಹೈಡ್ರಾಲಿಕ್ ತೋಳು ಇರಲಿಲ್ಲ. ಗುದ್ದಲಿ, ಹಾರೆ, ಮಂಕರಿ ಹಿಡಿದವರ ಕೂಲಿಯನ್ನು ಈ ಯಂತ್ರ ಕಿತ್ತುಕೊಂಡಿದ್ದೂ ನಿಜ, ಅವರ ಮಕ್ಕಳ ಬೆನ್ನು ಉಳಿಸಿದ್ದೂ ನಿಜ. ಅದೇ ಮನೆಗಳ ಎಷ್ಟೋ ಹುಡುಗರು ಈಗ ಯಂತ್ರದ ಸೀಟಿನಲ್ಲಿ ಕೂತಿದ್ದಾರೆ. ಎರಡನ್ನೂ ಒಟ್ಟಿಗೆ ಹೇಳದೆ ಬ್ಯಾಮ್‌ಫೋರ್ಡ್ ಅವರ ಕಥೆ ನಮ್ಮ ನೆಲದಲ್ಲಿ ಪೂರ್ತಿ ಆಗಲ್ಲ.

ಈಗ ತಾಳ್ಯದ ತೋಟಕ್ಕೆ ವಾಪಸ್. ಅಲ್ಲಿದ್ದ ಪುಟ್ಟ ಯಂತ್ರಕ್ಕೂ ಒಂದು ವಂಶ ಇದೆ. 1957ರಲ್ಲಿ ಅಮೆರಿಕದ ಮಿನ್ನೆಸೋಟದ ಕೆಲ್ಲರ್ ಸಹೋದರರು ಟರ್ಕಿ ಕೋಳಿ ಸಾಕುವ ರೈತನೊಬ್ಬನಿಗಾಗಿ, ಕೊಟ್ಟಿಗೆಯ ಒಳಗೇ ತಿರುಗಬಲ್ಲ ಸಣ್ಣ ಲೋಡರ್ ಮಾಡಿಕೊಟ್ಟರು. ಮುಂದೆ ಅದೇ ಬಾಬ್‌ಕ್ಯಾಟ್ ಆಯ್ತು. ಇದರಲ್ಲಿ ಸ್ಟಿಯರಿಂಗ್‌ಗೆ ಚಕ್ರ ತಿರುಗಲ್ಲ. ಎಡ ಬಲದ ಚಕ್ರಗಳ ವೇಗ ಬೇರೆ ಮಾಡಿದರೆ ಯಂತ್ರ ಜಾರುತ್ತಾ ನಿಂತಲ್ಲೇ ತಿರುಗುತ್ತೆ. ಮುಂದೆ ಒಂದು ಕ್ವಿಕ್ ಕಪ್ಲರ್ ತಟ್ಟೆ. ಬಕೆಟ್ಟು, ಬ್ರೇಕರ್ರು, ಗುಂಡಿ ಕೊರೆಯುವ ಆಗರ್, ಬ್ಯಾಕ್‌ಹೋ, ಏನು ಬೇಕಾದರೂ ಅದಕ್ಕೇ ಸಿಕ್ಕಿಸಬಹುದು. ಬ್ಯಾಮ್‌ಫೋರ್ಡ್ ಕಂಪನಿಯೇ 1990ರ ದಶಕದಲ್ಲಿ ಸ್ಕಿಡ್ ಸ್ಟಿಯರ್ ಮೈಗೆ ಬ್ಯಾಕ್‌ಹೋ ಸೇರಿಸಿ 1ಸಿಎಕ್ಸ್ ಅಂತ ಒಂದು ಪುಟ್ಟ ಯಂತ್ರ ತಂದಿತು.

ಜೋಡಿಸುವ ಕ್ರಮ ನಾವು ಕಂಡ ಹಾಗೆ ಹೇಳ್ತೀವಿ. ಬ್ಯಾಕ್‌ಹೋವನ್ನು ಸಮತಟ್ಟು ನೆಲದಲ್ಲಿ ಇಳಿಸಿದರು. ತಟ್ಟೆಯ ಎರಡು ಲಿವರ್ ಮೇಲಕ್ಕೆತ್ತಿ, ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ನಿಧಾನಕ್ಕೆ ಹತ್ತಿರ ತಂದರು. ಬ್ಯಾಕ್‌ಹೋ ಫ್ರೇಮಿನ ಮೇಲ್ದುಟಿಯ ಕೆಳಗೆ ತಟ್ಟೆಯ ಅಂಚು ಹೊಕ್ಕಿತು. ಹಿಂದಕ್ಕೆ ಬಾಗಿಸಿದಾಗ ಫ್ರೇಮು ತಟ್ಟೆಗೆ ಒರಗಿ ಕೂತಿತು. ಎಂಜಿನ್ ಆಫ್ ಮಾಡಿ ಲಿವರ್ ಕೆಳಗೆ ಒತ್ತಿದರೆ ಕೆಳಗಿನ ಎರಡು ಪಿನ್ನುಗಳು ಫ್ರೇಮಿನ ತೂತುಗಳಿಂದ ಹೊರಗೆ ಇಣುಕಬೇಕು. ಆಮೇಲೆ ಲೈನಿನಲ್ಲಿ ಉಳಿದ ಒತ್ತಡ ಇಳಿಸಿ, ಕಪ್ಲಿಂಗ್ ಒರೆಸಿ, ಎರಡು ಹೈಡ್ರಾಲಿಕ್ ಹೋಸ್ ಹಾಕಬೇಕು. ಸೋರುತ್ತಾ ಅಂತ ಕೈಯಿಂದ ಮುಟ್ಟಿ ನೋಡಲೇಬಾರದು. ಸೂಜಿಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತೆ. ಒಂದು ರಟ್ಟಿನ ಚೂರು ಹಿಡಿದು ನೋಡಬೇಕು.

ಆಪರೇಟರ್ ಅಣ್ಣ ಲಿವರ್ ಒತ್ತಿದ ಮೇಲೆ ನಾವೆಲ್ಲ ಆಯ್ತು ಅಂದುಕೊಂಡ್ವಿ. ಫೋನ್ ಹಿಡಿದು ಬಕೆಟ್ಟಿನ ಹತ್ತಿರ ಹೋಗಿ ನಿಂತ್ವಿ. ಗೆಳೆಯನ ಅಜ್ಜ ಮಾತ್ರ ಬಗ್ಗಿ ಕೆಳಗೆ ನೋಡ್ತಿದ್ದರು. ಎಡಗಡೆಯ ಪಿನ್ನು ಪೂರ್ತಿ ಇಳಿದಿರಲಿಲ್ಲ. ತೂತಿನಲ್ಲಿ ಒಣಗಿದ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಅಜ್ಜ ಕೈ ತೋರಿಸಿದರು. ಆಪರೇಟರ್ ಒಂದು ಮಾತೂ ಆಡದೆ ಮೊದಲು ನಮ್ಮನ್ನು ದೂರ ಕಳಿಸಿದರು. ತೋಳನ್ನು ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ, ಮಣ್ಣು ಕೆರೆದು ತೆಗೆದು ಮತ್ತೆ ಕೂರಿಸಿದರು. ಹತ್ತು ನಿಮಿಷದ ಕೆಲಸ.

ರಾತ್ರಿ ಜಗಲಿ ಮೇಲೆ ಕೂತು ಲೆಕ್ಕ ಹಾಕಿದ್ವಿ. ಬಕೆಟ್ ತುದಿಯಲ್ಲಿ ನೆಲ 10 ಕಿಲೋನ್ಯೂಟನ್ ಬಲದಿಂದ ಮೇಲಕ್ಕೆ ಒತ್ತುತ್ತೆ, ಅದು ಜೋಡಣೆಯಿಂದ 2.5 ಮೀಟರ್ ದೂರ ಇದೆ ಅಂತ ಹಿಡಿಯೋಣ. ಮೊಮೆಂಟ್ 25 ಕಿಲೋನ್ಯೂಟನ್ ಮೀಟರ್. ಮೇಲ್ದುಟಿಗೂ ಪಿನ್ನಿಗೂ ನಡುವೆ 0.4 ಮೀಟರ್ ಇದ್ದರೆ, ಸ್ಟೆಬಿಲೈಸರ್ ಹೊರುವ ಪಾಲು ಬಿಟ್ಟು, ಪಿನ್ನುಗಳ ಮೇಲೆ 62.5 ಕಿಲೋನ್ಯೂಟನ್. ಅಂದ್ರೆ ಆರು ಟನ್‌ಗೂ ಸ್ವಲ್ಪ ಹೆಚ್ಚು ಭಾರ. ಎರಡು ಪಿನ್ ಹಂಚಿಕೊಂಡರೆ ತಲಾ ಮೂರು ಟನ್. ಒಂದು ಕೂರದಿದ್ದರೆ ಇಡೀ ಆರು ಟನ್ ಇನ್ನೊಂದರ ಮೇಲೆ, ಜೊತೆಗೆ ತಿರುಚುವ ಬಲ ಬೇರೆ. ಆ ಪಿನ್ ಕಿತ್ತಿದ್ದರೆ ತೋಳು ಬೀಳುವ ಜಾಗದಲ್ಲಿ ನಾವೈದೂ ಜನ ನಗುತ್ತಾ ನಿಂತಿದ್ವಿ. ಈ ಲೆಕ್ಕ ನಮಗೆ ಇಂಟರ್ನಲ್ಸ್‌ನಲ್ಲಿ ಹತ್ತು ಅಂಕಕ್ಕೆ ಬಂದಿತ್ತು, ಮಾಡಿಯೂ ಇದ್ವಿ. ಪಿನ್ನಿನ ಕಡೆ ಕಣ್ಣು ಹೋಗಲಿಲ್ಲ ಅಷ್ಟೇ.

ಅಜ್ಜನ ಕಣ್ಣು ಯಾಕೆ ಹೋಯ್ತು ಅನ್ನೋದು ಮರುದಿನ ಬೆಳಗ್ಗೆ ಗೊತ್ತಾಯ್ತು. ಅವರು ತಮ್ಮ ಹಳೇ ಗುದ್ದಲಿಯನ್ನು ನೀರಿನ ತೊಟ್ಟಿಯಲ್ಲಿ ನೆನೆಹಾಕಿದ್ದರು. ಕಾವು ಒಣಗಿ ಸಡಿಲಾದರೆ ಬೀಸುವಾಗ ಗುದ್ದಲಿ ಕಳಚಿ ಪಕ್ಕದವರ ಕಾಲಿಗೆ ಬೀಳುತ್ತೆ. ನೆನೆದರೆ ಮರ ಉಬ್ಬಿ ಬಿಗಿಯಾಗುತ್ತೆ. ಸಾಲದಿದ್ದರೆ ಒಂದು ಚಕ್ಕೆ ಬೆಣೆ. ಕೆಲಸಕ್ಕೆ ಇಳಿಯೋ ಮುಂಚೆ ಕಾವು ಅಲ್ಲಾಡಿಸಿ ನೋಡೋದು ಎಪ್ಪತ್ತು ವರ್ಷದ ಅಭ್ಯಾಸ. ಯಂತ್ರ ಬಂದ ಮೇಲೂ ಅಜ್ಜ ನೋಡಿದ್ದು ಕಾವು ಕೂತಿದೆಯಾ ಅಂತಲೇ.

ಬ್ಯಾಮ್‌ಫೋರ್ಡ್ ಹನ್ನೆರಡಡಿ ಗ್ಯಾರೇಜಿನಿಂದ ಶುರು ಮಾಡಿ ಬದುಕಿಡೀ ನೋಡುತ್ತಾ ಬಂದಿದ್ದೂ ಅದನ್ನೇ. ಪೈಪ್‌ಲೈನಿನ ಕಾಲುವೆ ಸಂಜೆಯೊಳಗೆ ಮುಗೀತು, ಒಂದು ಅಡಿಕೆ ಮರಕ್ಕೂ ಗಾಯ ಆಗಲಿಲ್ಲ. ಮುಂದಿನ ಸಲ ರಸ್ತೆ ಬದಿಯಲ್ಲಿ ಜೆಸಿಬಿ ನೋಡ್ತಾ ನಿಂತರೆ ಗೆಳೆಯರೇ, ಮಣ್ಣೆತ್ತುವ ಬಕೆಟ್ ಬಿಟ್ಟು ತೋಳು ಮೈಗೆ ಸೇರುವ ಜಾಗವನ್ನು ಒಮ್ಮೆ ನೋಡಿ. ದೂರದಿಂದಲೇ ನೋಡಿ.